ಹಿಮ ಬೀಳುವ ಮುನ್ನ ಮುಗಿಯಬೇಕಾದ ಲೆಕ್ಕ

ಅಮೆರಿಕದ ವಯೋಮಿಂಗ್ ಸೀಮೆಯ ದನದ ರಾಂಚ್‌ಗಳಲ್ಲಿ ವರ್ಷದ ದುಡಿಮೆಯೆಲ್ಲ ಶರತ್ಕಾಲದ ಕೆಲವೇ ವಾರಗಳಲ್ಲಿ ಇತ್ಯರ್ಥವಾಗುತ್ತದೆ. ಬೆಟ್ಟದಿಂದ ದನ ಇಳಿಸುವುದು, ಗಬ್ಬ ನೋಡಿಸುವುದು, ಕರು ಬಿಡಿಸುವುದು, ಲಾರಿ ತುಂಬುವುದು, ಹೀಗೆ ಕೆಲಸ ಹತ್ತಾರು. ಎಲ್ಲದರ ಹಿಂದಿರುವ ಪ್ರಶ್ನೆ ಮಾತ್ರ ಒಂದೇ: ಬಣವೆಯಲ್ಲಿರುವ ಹುಲ್ಲು ಎಷ್ಟು ಬಾಯಿಗೆ ಸಾಕು?

ಸೆಪ್ಟೆಂಬರ್ ಅರ್ಧ ಕಳೆಯಿತೆಂದರೆ ಗ್ರೀನ್ ನದಿಯ ಮೇಲ್ಕಣಿವೆಯಲ್ಲಿ ದನಗಳು ಯಾರ ಅಪ್ಪಣೆಗೂ ಕಾಯುವುದಿಲ್ಲ. ಬೇಸಿಗೆಯಿಡೀ ಬ್ರಿಜರ್-ಟೀಟನ್ ರಾಷ್ಟ್ರೀಯ ಅರಣ್ಯದ ಎತ್ತರದ ಹುಲ್ಲುಗಾವಲುಗಳಲ್ಲಿ ಮೇಯ್ದ ಹಸುಗಳು, ಮೊದಲ ಹಿಮ ಬೆನ್ನಿಗೆ ತಾಗಿದ್ದೇ ತಡ, ಕರುಗಳನ್ನು ಮಗ್ಗುಲಿಗೆ ಹಾಕಿಕೊಂಡು ದಕ್ಷಿಣಕ್ಕೆ ಮುಖ ಮಾಡುತ್ತವೆ. ನಾಲ್ಕಾರು ವರ್ಷ ಈ ದಾರಿ ತುಳಿದ ಹಳೇ ಹಸು ಮುಂದೆ, ಎಳೆಯವು ಅದರ ಹಿಂದೆ. ಕುದುರೆ ಸವಾರರಿಗೆ ಉಳಿಯುವ ಕೆಲಸ, ಹಿಂದೆ ಬಿದ್ದವನ್ನು ಪೊದೆ ಪೊದೆ ಹುಡುಕಿ ಹೊರಡಿಸುವುದು ಮತ್ತು ಗೇಟಿನಲ್ಲಿ ನಿಂತು ಯಾರ ದನ ಯಾರದೆಂದು ಬೇರ್ಪಡಿಸುವುದು.

ಇದಕ್ಕೆ ‘ಗ್ರೀನ್ ರಿವರ್ ಡ್ರಿಫ್ಟ್’ ಎಂದು ಹೆಸರು. 1890ರ ದಶಕದಿಂದ ಇಂದಿನವರೆಗೂ ಬಳಕೆಯಲ್ಲಿರುವ ಈ ದನದ ದಾರಿಯ ಉದ್ದ ಸುಮಾರು 60 ಮೈಲಿ. ವಸಂತದಲ್ಲಿ ತಗ್ಗಿನ ಒಣ ಬಯಲಿನಿಂದ ಹೊರಟ ಹಿಂಡುಗಳು ಹಲವು ದಿನ ನಡೆದು ಬೆಟ್ಟ ಸೇರುತ್ತವೆ. ಹಿಮ ಹತ್ತಿರವಾದಾಗ ಅದೇ ಜಾಡು ಹಿಡಿದು ಇಳಿಯುತ್ತವೆ. 2013ರಲ್ಲಿ ಅಮೆರಿಕ ಈ ದಾರಿಯನ್ನು ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿಸಿತು. ಕೋಟೆಯಲ್ಲ, ಕಟ್ಟಡವಲ್ಲ, ದನ ನಡೆದ ದಾರಿ! ಜಿಂಕೆಯನ್ನು ಹೋಲುವ ಪ್ರಾಂಗ್‌ಹಾರ್ನ್‌ಗಳೂ ಇದೇ ಕಣಿವೆಯಲ್ಲಿ ಇದೇ ಕಾಲಕ್ಕೆ ಇಳಿಯುತ್ತವೆ. ಅವು ಹೆದ್ದಾರಿ ದಾಟಲೆಂದು ಪೈನ್‌ಡೇಲ್ ಊರಿನ ಬಳಿ 2012ರಲ್ಲಿ ಮೇಲ್ಸೇತುವೆಯನ್ನೇ ಕಟ್ಟಿದರು.

ಪೈನ್‌ಡೇಲ್ ಇರುವುದು ಸಮುದ್ರಮಟ್ಟದಿಂದ 7,000 ಅಡಿಗೂ ಮೇಲೆ. ಆಗಸ್ಟ್‌ನಲ್ಲೇ ಇಬ್ಬನಿ ಹೆಪ್ಪುಗಟ್ಟುವ ಊರಿದು. ಹೊಲ ಉತ್ತು ಬೆಳೆ ತೆಗೆಯುವಷ್ಟು ಬೇಸಿಗೆ ಇಲ್ಲಿಲ್ಲ. ನೆಲ ಕೊಡುವುದು ಹುಲ್ಲನ್ನಷ್ಟೇ. ಹುಲ್ಲನ್ನು ಹಣ ಮಾಡುವುದು ದನ ಮಾತ್ರ. ಆ ಹುಲ್ಲೂ ಎಲ್ಲ ರಾಂಚಿನವರದ್ದಲ್ಲ. ಬೇಸಿಗೆಯ ಮೇವಿನ ಬಹುಪಾಲು ಸರ್ಕಾರದ ನೆಲದಲ್ಲಿದೆ. ಯಾರು ಎಷ್ಟು ಬೇಕಾದರೂ ಮೇಯಿಸಿ ಬಯಲು ಬರಡಾದ ಮೇಲೆ, 1934ರಲ್ಲಿ ಟೇಲರ್ ಮೇವು ಕಾಯ್ದೆ ಬಂತು. ಅಂದಿನಿಂದ ತಗ್ಗಿನ ಸರ್ಕಾರಿ ಬಯಲಿಗೂ ಪರವಾನಗಿ, ತಲೆಯೆಣಿಕೆ, ತಾರೀಕು ಎಲ್ಲ ಗೊತ್ತು ಮಾಡಲಾಯಿತು. ಅರಣ್ಯ ಇಲಾಖೆ ಅದಕ್ಕೂ ಮೊದಲೇ ತನ್ನ ಬೆಟ್ಟಗಳಲ್ಲಿ ಈ ಪದ್ಧತಿ ತಂದಿತ್ತು. ಒಂದು ಹಸು ತನ್ನ ಕರುವಿನೊಂದಿಗೆ ಒಂದು ತಿಂಗಳು ಮೇಯಲು 2019ರಿಂದ 2025ರವರೆಗೆ ಕೊಡಬೇಕಿದ್ದ ಶುಲ್ಕ 1.35 ಡಾಲರ್, ಅಂದರೆ ನಿಯಮ ಅನುಮತಿಸುವ ಕನಿಷ್ಠ ದರ. ಇದು ತೀರಾ ಅಗ್ಗವಾಯಿತೆಂದು ಪರಿಸರವಾದಿಗಳು ಹೇಳುತ್ತಾರೆ. ಬೇಲಿ, ನೀರು, ಸವಾರರ ಸಂಬಳ, ಸತ್ತ ದನ ಎಲ್ಲ ಕೂಡಿಸಿದರೆ ಅಗ್ಗವೇನಲ್ಲ ಎಂಬುದು ರಾಂಚಿನವರ ವಾದ. ಅದೇನೇ ಇರಲಿ, ಹೇಳಿದ ತಾರೀಕಿನೊಳಗೆ ಬೆಟ್ಟ ಖಾಲಿಯಾಗಬೇಕು.

ಗೇಟಿನಲ್ಲಿ ಎಣಿಕೆ ನಡೆಯುವಾಗ ಮಾತು ಕಡಿಮೆ. ಹತ್ತಿದ ಸಂಖ್ಯೆಗೂ ಇಳಿದ ಸಂಖ್ಯೆಗೂ ಅಂತರ ಇದ್ದೇ ಇರುತ್ತದೆ. ಲಾರ್ಕ್‌ಸ್ಪರ್ ಎಂಬ ನೀಲಿ ಹೂವಿನ ವಿಷದ ಗಿಡ ತಿಂದು ಕೆಲವು ಸಾಯುತ್ತವೆ, ಸಿಡಿಲಿಗೆ ಒಂದೆರಡು. ಉಳಿದವಕ್ಕೆ ತೋಳ ಮತ್ತು ಗ್ರಿಜ್ಲಿ ಕರಡಿ ಲೆಕ್ಕ ಹೇಳಬೇಕು. ಯೆಲ್ಲೋಸ್ಟೋನ್ ಉದ್ಯಾನಕ್ಕೆ ಕೆನಡಾದಿಂದ 1995 ಮತ್ತು 1996ರಲ್ಲಿ ತೋಳಗಳನ್ನು ತಂದು ಬಿಟ್ಟ ಮೇಲೆ ಅವು ಈ ಕಣಿವೆಯವರೆಗೂ ಹಬ್ಬಿವೆ. ಕರಡಿ ಕೊಂದದ್ದು ಖಚಿತವಾದರೆ ರಾಜ್ಯ ಪರಿಹಾರ ಕೊಡುತ್ತದೆ. ಆದರೆ ಅಷ್ಟು ದೊಡ್ಡ ಕಾಡಿನಲ್ಲಿ ಕರುವಿನ ಕಳೇಬರ ಸಿಗುವುದೇ ಅಪರೂಪ.

ಒಂದು ಚಳಿಗಾಲ ಕಲಿಸಿದ್ದು

ಈ ಸೀಮೆಯಲ್ಲಿ ಶರತ್ಕಾಲವೆಂದರೆ ಇಷ್ಟೊಂದು ಕೆಲಸ ಎಂದಾಗಿದ್ದು ತೀರಾ ಹಳೆಯ ಕಥೆಯಲ್ಲ. 1880ರ ದಶಕದ ಮೊದಲರ್ಧದಲ್ಲಿ ದನ ಸಾಕುವವರು ಹುಲ್ಲು ಕೂಡಿಡುತ್ತಿರಲಿಲ್ಲ. ಟೆಕ್ಸಾಸ್‌ನಿಂದ ಹಿಂಡು ಹೊಡೆದು ತರುವುದು, ಬೇಲಿಯಿಲ್ಲದ ಬಯಲಿಗೆ ಬಿಡುವುದು, ಕೊಬ್ಬಿದ್ದನ್ನು ರೈಲಿಗೆ ತುಂಬುವುದು, ಅಷ್ಟೇ ದಂಧೆ. ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಬಂಡವಾಳವೂ ಹರಿದು ಬಂತು. ದನ ಹೆಚ್ಚಿತು, ಹುಲ್ಲು ತೆಳುವಾಯಿತು. 1886ರ ಬೇಸಿಗೆ ಒಣಗಿ ಹೋಯಿತು. ಆಮೇಲೆ ಬಂದ ಚಳಿಗಾಲದಲ್ಲಿ ಹಿಮದ ಮೇಲೆ ಹಿಮ ಬಿತ್ತು. ನಡುವೆ ಕೊಂಚ ಕರಗಿ ಮತ್ತೆ ಹೆಪ್ಪುಗಟ್ಟಿ, ಇದ್ದಬದ್ದ ಹುಲ್ಲೂ ಮಂಜುಗಡ್ಡೆಯ ಅಡಿಗೆ ಸೇರಿತು. ಗೊರಸಿನಿಂದ ಕೆರೆದು ಮೇಯಲೂ ಆಗದೆ ಲಕ್ಷಗಟ್ಟಲೆ ದನ ಬಯಲಿನಲ್ಲೇ ಸತ್ತವು. ಡಕೋಟಾದಲ್ಲಿ ರಾಂಚ್ ಮಾಡಿದ್ದ ಥಿಯೋಡರ್ ರೂಸ್‌ವೆಲ್ಟ್, ಮುಂದೆ ದೇಶದ ಅಧ್ಯಕ್ಷರಾದವರು, ತಮ್ಮ ಹಿಂಡಿನ ದೊಡ್ಡ ಪಾಲನ್ನು ಆ ಚಳಿಗಾಲದಲ್ಲೇ ಕಳೆದುಕೊಂಡರು. ಮೊಂಟಾನಾದಲ್ಲಿ ದನ ಕಾಯುತ್ತಿದ್ದ ಚಾರ್ಲ್ಸ್ ರಸೆಲ್ ಎಂಬ ತರುಣ, ಹಿಂಡು ಹೇಗಿದೆ ಎಂದು ಒಡೆಯ ಕೇಳಿದ್ದಕ್ಕೆ ಉತ್ತರವಾಗಿ ಅಂಗೈಯಗಲದ ಒಂದು ಚಿತ್ರ ಬರೆದು ಕಳಿಸಿದ. ಎಲುಬು ಬಿಟ್ಟ ಒಂದೇ ಹಸು, ಅದು ಬೀಳುವುದನ್ನೇ ಕಾಯುವ ತೋಳಗಳು. ಆ ಚಿತ್ರವೇ ಅವನನ್ನು ಕಲಾವಿದನನ್ನಾಗಿ ಹೆಸರುವಾಸಿ ಮಾಡಿತು.

ಉಳಿದವರು ಮಾಡಿದ ಮೊದಲ ಕೆಲಸ ಬೇಲಿ ಹಾಕಿದ್ದು, ಎರಡನೆಯದು ಹುಲ್ಲು ಕೊಯ್ದದ್ದು. ಇಂದಿಗೂ ರಾಂಚಿನ ಅಡಿಪಾಯ ಅವೇ ಎರಡು. ಗ್ರೀನ್ ನದಿಯ ಕಣಿವೆಯಲ್ಲಿ ಹಿಮ ಕರಗಿದ ನೀರನ್ನು ಕಾಲುವೆಗಳಲ್ಲಿ ಹಾಯಿಸಿ ಬೆಳೆಸುವ ಹುಲ್ಲು ವರ್ಷಕ್ಕೆ ಒಂದೇ ಕೊಯ್ಲು ಕೊಡುತ್ತದೆ. ಜುಲೈ, ಆಗಸ್ಟ್‌ನಲ್ಲಿ ಕೊಯ್ದು ಉಂಡೆ ಕಟ್ಟಿದರೆ ಒಂದೊಂದು ಉಂಡೆ ಅರ್ಧ ಟನ್ನಿಗೂ ಮಿಕ್ಕಿ ತೂಗುತ್ತದೆ. ಸೆಪ್ಟೆಂಬರಿನಲ್ಲಿ ಅವನ್ನು ಒಂದೆಡೆ ಒಟ್ಟಿ ಸುತ್ತ ಎತ್ತರದ ಬೇಲಿ ಕಟ್ಟಬೇಕು. ಇಲ್ಲದಿದ್ದರೆ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಹಿಂಡುಗಳು ರಾತ್ರೋರಾತ್ರಿ ಇಳಿದು ಬಂದು ತಿನ್ನುವುದಕ್ಕಿಂತ ಹೆಚ್ಚು ತುಳಿದು ಹಾಳು ಮಾಡುತ್ತವೆ.

ಇನ್ನು ಲೆಕ್ಕ. ಬಲಿತ ಹಸುವಿಗೆ ದಿನಕ್ಕೆ ಸುಮಾರು 12ರಿಂದ 13 ಕಿಲೋ ಒಣಹುಲ್ಲು ಬೇಕು. ಡಿಸೆಂಬರಿನಿಂದ ಮೇ ಮೊದಲ ವಾರದವರೆಗೆ 150 ದಿನ ಹಾಕಬೇಕಾದರೆ ಒಂದು ಹಸುವಿಗೆ ಹತ್ತಿರಹತ್ತಿರ 2 ಟನ್. 300 ಹಸುಗಳಿಗೆ 600 ಟನ್. ಚಳಿ ಬೇಗ ಬಂದರೆ, ತಡವಾಗಿ ಹೋದರೆ ಇನ್ನೂ ಹೆಚ್ಚು. ಬಣವೆ 500 ಟನ್ನಿಗೇ ನಿಂತಿದ್ದರೆ ದಾರಿ ಎರಡೇ: ಹುಲ್ಲು ಕೊಳ್ಳಬೇಕು, ಇಲ್ಲವೇ 50 ಹಸು ಮಾರಬೇಕು. ಬರದ ವರ್ಷ ಹುಲ್ಲಿನ ಬೆಲೆ ಏರಿರುತ್ತದೆ, ಎಲ್ಲರೂ ಮಾರಲು ನಿಂತಿರುವುದರಿಂದ ಹಸುವಿನ ಬೆಲೆ ಇಳಿದಿರುತ್ತದೆ. ರಾಂಚಿನ ಅಡುಗೆಮನೆಯ ಮೇಜಿನ ಮೇಲೆ ಅಕ್ಟೋಬರ್ ರಾತ್ರಿಗಳಲ್ಲಿ ಬಿಚ್ಚಿಕೊಳ್ಳುವ ನೋಟ್‌ಬುಕ್ಕಿನಲ್ಲಿ ಈ ಎರಡು ಸಾಲುಗಳದ್ದೇ ಗುದ್ದಾಟ.

ಹುಲ್ಲು ಇದ್ದರೂ ಹವಾಮಾನ ಕೈಕೊಟ್ಟ ಉದಾಹರಣೆ ಇದೆ. 2013ರ ಅಕ್ಟೋಬರ್ ಮೊದಲ ವಾರ ಪಕ್ಕದ ದಕ್ಷಿಣ ಡಕೋಟಾದ ಪಶ್ಚಿಮ ಭಾಗದಲ್ಲಿ ‘ಅಟ್ಲಾಸ್’ ಎಂದು ಹೆಸರಾದ ಬಿರುಗಾಳಿ ಎದ್ದಿತು. ದನಗಳಿಗೆ ಇನ್ನೂ ಚಳಿಗಾಲದ ದಪ್ಪ ಕೂದಲು ಬಂದಿರಲಿಲ್ಲ. ಬೇಸಿಗೆಯ ಬಟಾಬಯಲಿನಲ್ಲೇ ಇದ್ದವು. ಮೊದಲು ಗಂಟೆಗಟ್ಟಲೆ ಮಳೆ ಸುರಿದು ಮೈ ತೊಪ್ಪೆಯಾಯಿತು, ಹಿಂದೆಯೇ ಗಾಳಿ, ಮಂಡಿ ಮೀರಿದ ಹಿಮ. ಗಾಳಿಗೆ ಬೆನ್ನು ಕೊಟ್ಟು ನಡೆಯುತ್ತ ಹೋದ ಹಿಂಡುಗಳು ಬೇಲಿಗಳ ಮೂಲೆಯಲ್ಲಿ, ಹಳ್ಳಗಳಲ್ಲಿ ರಾಶಿಯಾಗಿ ಸತ್ತವು. ಸತ್ತದ್ದು ಹತ್ತಾರು ಸಾವಿರ. ಆಗ ಪರಿಹಾರ ಯೋಜನೆಯ ಅವಧಿ ಮುಗಿದಿತ್ತು, ಸಾಲದ್ದಕ್ಕೆ ವಾಷಿಂಗ್ಟನ್ನಿನಲ್ಲಿ ಬಜೆಟ್ ಜಗಳಕ್ಕೆ ಸರ್ಕಾರಿ ಕಚೇರಿಗಳೇ ಮುಚ್ಚಿದ್ದವು. 2014ರ ಕೃಷಿ ಕಾಯ್ದೆ ಬಂದ ಮೇಲೆಯೇ ಹಣ ಸಿಕ್ಕಿದ್ದು. ಅಕ್ಟೋಬರಿನಲ್ಲಿ ಇವರು ಗಂಟೆಗೊಮ್ಮೆ ಹವಾಮಾನ ನೋಡುವುದಕ್ಕೆ ಕಾರಣ ಕೇಳಬೇಕಾಗಿಲ್ಲ.

ದೊಡ್ಡಿಯಲ್ಲಿ ಒಂದು ದಿನ

ದನ ಮನೆ ಸೇರಿದ ಮೇಲೆ ಗಬ್ಬ ನೋಡುವ ದಿನ ಗೊತ್ತಾಗುತ್ತದೆ. ಅಕ್ಕಪಕ್ಕದ ರಾಂಚಿನವರು ಬೆಳಕು ಹರಿಯುವ ಮೊದಲೇ ಟ್ರೇಲರಿನಲ್ಲಿ ಕುದುರೆ ಏರಿಸಿಕೊಂಡು ಬರುತ್ತಾರೆ. ಕೂಲಿಯ ಮಾತಿಲ್ಲ. ಇವತ್ತು ಇವರ ದೊಡ್ಡಿ, ಮುಂದಿನ ವಾರ ಅವರದು. ನಮ್ಮ ಕಡೆ ನಾಟಿಗೆ, ಕೊಯ್ಲಿಗೆ ಹೋಗಿಬಂದು ಮಾಡುತ್ತಿದ್ದ ಮುಯ್ಯಾಳಿನ ಲೆಕ್ಕವೇ ಇದು. ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಬಂದವರಿಗೂ ಕಟ್ಟುಪಾಡುಗಳುಂಟು. ಮನೆಯೊಡೆಯನಿಗಿಂತ ಮುಂದೆ ಕುದುರೆ ಓಡಿಸಕೂಡದು. ಗೇಟು ಹೇಗಿತ್ತೋ ಹಾಗೇ ಬಿಡಬೇಕು, ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದು. ‘ನಿಮ್ಮಲ್ಲಿ ಎಷ್ಟು ದನ ಇವೆ?’ ಎಂದು ಮಾತ್ರ ಕೇಳಬಾರದು. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದಷ್ಟೇ ಅಧಿಕಪ್ರಸಂಗ ಅದು.

ದೊಡ್ಡಿಯಿಂದ ಒಂದು ಕಿರುಓಣಿ ಹೊರಡುತ್ತದೆ. ಒಂದು ಹಸು ಮಾತ್ರ ನುಸುಳುವಷ್ಟು ಅಗಲ, ತಿರುಗಲು ಜಾಗವಿಲ್ಲ. ಓಣಿಯ ಕೊನೆಗೆ ಕಬ್ಬಿಣದ ಪಂಜರ. ಹಸು ತಲೆ ಹೊರಗೆ ಹಾಕಿದೊಡನೆ ಕುತ್ತಿಗೆಯ ಎರಡೂ ಬದಿಗೆ ಬಾಗಿಲು ಕೂಡಿಕೊಳ್ಳುತ್ತದೆ. ಹಿಂದಿನಿಂದ ದನದ ಡಾಕ್ಟರು ಭುಜದವರೆಗೆ ಪ್ಲಾಸ್ಟಿಕ್ ಕೈಗವಸು ಏರಿಸಿದ ತೋಳನ್ನು ಗುದದ್ವಾರದಿಂದ ಒಳಗಿಟ್ಟು, ಕರುಳಿನ ಪದರದಾಚೆಗೆ ಗರ್ಭಕೋಶವನ್ನು ತಡವಿ ನೋಡುತ್ತಾರೆ. ನಮ್ಮ ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಮಾಡುವುದೂ ಹೀಗೆಯೇ, ಆದರೆ ಇಲ್ಲಿ ದಿನಕ್ಕೆ ನೂರಾರು. ಕಣ್ಣು ಎಲ್ಲೋ ದೂರ ನೆಟ್ಟಿರುತ್ತದೆ, ನೋಡುವುದೆಲ್ಲ ಬೆರಳ ತುದಿ. ಕೆಲವೇ ಕ್ಷಣಗಳಲ್ಲಿ ಒಂದು ಕೂಗು: ಗಬ್ಬ, ಅಥವಾ ಇಲ್ಲ. ಪಕ್ಕದಲ್ಲಿ ನಿಂತವರು ಬಣ್ಣದ ಕಡ್ಡಿಯಿಂದ ಹಸುವಿನ ಬೆನ್ನ ಮೇಲೆ ಗೀಟೆಳೆಯುತ್ತಾರೆ, ಇನ್ನೊಬ್ಬರು ಜೇಬಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಈಚೆಗೆ ತೋಳಿನ ಬದಲು ಅಲ್ಟ್ರಾಸೌಂಡ್ ಕೋಲು ಹಿಡಿದ ಡಾಕ್ಟರುಗಳೂ ಇದ್ದಾರೆ.

ಹಸು ಅಲ್ಲಿ ನಿಂತಿರುವ ನಿಮಿಷದೊಳಗೇ ಉಳಿದವೂ ಮುಗಿಯಬೇಕು. ಲಸಿಕೆ ಕುತ್ತಿಗೆಗೇ ಚುಚ್ಚಬೇಕು, ತೊಡೆಗೆ ಚುಚ್ಚಿದರೆ ಬೆಲೆಬಾಳುವ ಮಾಂಸದಲ್ಲಿ ಗಂಟಾಗುತ್ತದೆ. ಹೇನಿಗೆ ಬೆನ್ನುದ್ದಕ್ಕೂ ಔಷಧಿ ಸುರಿಯಬೇಕು. ತುಟಿ ಎತ್ತಿ ಹಲ್ಲು ನೋಡಬೇಕು. ಸವೆದ ಹಲ್ಲಿನ ಹಸು ಒಣಹುಲ್ಲು ಜಗಿದು ಚಳಿಗಾಲ ದಾಟುವುದಿಲ್ಲ. ಉಳಿಸಿಕೊಳ್ಳುವ ಕಡಸುಗಳಿಗೆ ಕಂದು ರೋಗದ ಲಸಿಕೆ ಹಾಕಿ, ಕಿವಿಗೆ ಹಚ್ಚೆ ಒತ್ತಿ, ಕಿತ್ತಳೆ ಬಣ್ಣದ ಓಲೆ ಸಿಕ್ಕಿಸುವುದೂ ಡಾಕ್ಟರ ಪಾಲಿಗೇ.

ಗಬ್ಬ ನಿಂತಿಲ್ಲ ಎಂದರೆ ಆ ಹಸುವಿನ ದಾರಿ ಬೇರೆಯಾಯಿತು. ಹಸುವಿನ ಗಬ್ಬದ ಅವಧಿ ಸುಮಾರು 283 ದಿನ. ಜೂನ್‌ನಲ್ಲಿ ಹೋರಿ ಬಿಟ್ಟರೆ ಮಾರ್ಚ್, ಏಪ್ರಿಲ್‌ಗೆ ಕರು. ಈ ಸಲ ತಪ್ಪಿಸಿಕೊಂಡ ಹಸು 2 ಟನ್ ಹುಲ್ಲು ತಿಂದು ವಸಂತದಲ್ಲಿ ಬರಿಗೈಯಲ್ಲಿ ನಿಲ್ಲುತ್ತದೆ. ಆದ್ದರಿಂದ ಅದು ಸಂಜೆಗೇ ಬೇರೆ ದೊಡ್ಡಿಗೆ, ಕೆಲವೇ ದಿನಗಳಲ್ಲಿ ಸಂತೆಗೆ. ಎಂಟು ಕರು ಕೊಟ್ಟ, ಮನೆಯ ಮಕ್ಕಳು ಹೆಸರಿಟ್ಟು ಕರೆಯುವ ಹಸುವಿಗೂ ಅದೇ ನಿಯಮ. ‘ಇದೊಂದು ಸಲ ನೋಡೋಣ’ ಎನ್ನುವ ಮಾತು ಆ ಹೊತ್ತಿನಲ್ಲಿ ಯಾರ ಬಾಯಲ್ಲಾದರೂ ಬಂದೇ ಬರುತ್ತದೆ. ಅದಕ್ಕೆ ಬೆಲೆ ಕೊಡಲು ಬಣವೆ ದೊಡ್ಡದಿರಬೇಕು.

ದೊಡ್ಡಿಯಲ್ಲಿ ಬೊಬ್ಬೆ, ಚಾಟಿ, ನಾಯಿಯ ಅಬ್ಬರ ಇರುತ್ತದೆ ಎಂದುಕೊಂಡರೆ ಅದು ಸಿನಿಮಾ. ಒಳ್ಳೆಯ ಕೆಲಸಗಾರರು ಪಿಸುಮಾತಿನಲ್ಲೇ ದನ ಹೊಡೆಯುತ್ತಾರೆ. ಹಸುವಿನ ಭುಜದ ನೇರಕ್ಕೆ ಕಾಣದ ಒಂದು ಗೆರೆಯಿದೆ. ನೀವು ಗೆರೆಯ ಹಿಂದಿದ್ದರೆ ಅದು ಮುಂದೆ ಹೋಗುತ್ತದೆ, ಗೆರೆಯ ಮುಂದೆ ಬಂದರೆ ಹಿಂಜರಿಯುತ್ತದೆ. ಓಣಿಯಲ್ಲಿ ನಿಂತ ಹಸುವಿನ ಮುಖದ ಕಡೆಯಿಂದ ಬಾಲದ ಕಡೆಗೆ ಸುಮ್ಮನೆ ನಡೆದು ಹೋದರೆ ಸಾಕು, ಭುಜ ದಾಟಿದ ಕ್ಷಣಕ್ಕೆ ಅದು ತಾನೇ ಮುಂದಕ್ಕೆ ಹೆಜ್ಜೆಯಿಡುತ್ತದೆ. ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಟೆಂಪಲ್ ಗ್ರ್ಯಾಂಡಿನ್ ಇದನ್ನು ಶಾಸ್ತ್ರವಾಗಿ ಕಲಿಸಿದವರು. ಸ್ವತಃ ಆಟಿಸಂ ಇರುವ ಆಕೆ, ಬೇಲಿಗೆ ನೇತುಹಾಕಿದ ಕೋಟು, ಜೋತಾಡುವ ಸರಪಳಿ, ನೆಲದ ಮೇಲಿನ ನೆರಳಿನ ಪಟ್ಟಿ ಇವಕ್ಕೆಲ್ಲ ದನ ಯಾಕೆ ಬೆಚ್ಚುತ್ತದೆಂದು ದನದ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ ತಿಳಿದುಕೊಂಡರು. ಇಂದು ಅನೇಕ ದೊಡ್ಡಿಗಳ ಓಣಿ ನೇರವಾಗಿರದೆ ಬಾಗಿರುವುದರಲ್ಲಿ ಅವರ ಪಾಲು ದೊಡ್ಡದು.

ಮೂರು ರಾತ್ರಿಯ ಕೂಗು

ಕರು ಬಿಡಿಸುವ ವಾರ ಮನೆಯಲ್ಲಿ ಯಾರಿಗೂ ಸರಿಯಾದ ನಿದ್ದೆಯಿಲ್ಲ. ಆರೇಳು ತಿಂಗಳ, 250 ಕಿಲೋ ಆಸುಪಾಸಿನ ಕರುವನ್ನು ತಾಯಿಯಿಂದ ಬೇರೆ ಮಾಡಿದರೆ ಎರಡೂ ಹಗಲಿರುಳು ಕೂಗುತ್ತವೆ. ನೂರಾರು ಗಂಟಲು ಒಟ್ಟಿಗೆ ಕೂಗಿದರೆ ಮೈಲಿಯಾಚೆಗೂ ಕೇಳುತ್ತದೆ. ಮೂರನೆಯ ರಾತ್ರಿಯ ಹೊತ್ತಿಗೆ ದನಿ ಒಡೆದು, ಆಮೇಲೆ ಹಸುಗಳು ಮೇವಿನ ಕಡೆ ತಿರುಗುತ್ತವೆ. ಒಳಗಿರುವ ಮುಂದಿನ ಕರುವಿಗೆ, ಚಳಿಗಾಲಕ್ಕೆ ಬೇಕಾದ ಕೊಬ್ಬಿಗೆ ಅವುಗಳ ಮೈ ಈಗ ಬಿಡುವಾಗಬೇಕು. ಹಾಲು ಹಿಂಗದಿದ್ದರೆ ಜನವರಿಯ ಚಳಿಗೆ ಹಸುವಿನ ಮೈಯಲ್ಲಿ ಏನೂ ಉಳಿದಿರುವುದಿಲ್ಲ.

ಈಗೀಗ ಅನೇಕರು ತಾಯಿ ಮತ್ತು ಕರುವಿನ ನಡುವೆ ಗಟ್ಟಿ ಬೇಲಿಯೊಂದನ್ನಷ್ಟೇ ಇಡುತ್ತಾರೆ. ಮೂಗಿಗೆ ಮೂಗು ತಾಗಿಸಬಹುದು, ಹಾಲು ಕುಡಿಯಲಾಗದು. ಕೂಗು ಕಡಿಮೆ, ಕರು ಸೊರಗುವುದೂ ಕಡಿಮೆ. ಇನ್ನೊಂದು ತೊಡಕು ನೀರಿನದು. ಬೆಟ್ಟದ ತೊರೆಯಲ್ಲಿ ಕುಡಿದು ಬೆಳೆದ ಕರುವಿಗೆ ತೊಟ್ಟಿ ಏನೆಂದೇ ಗೊತ್ತಿಲ್ಲ. ಅದಕ್ಕೆ ಮೊದಲ ದಿನಗಳಲ್ಲಿ ನಲ್ಲಿಯನ್ನು ಸಣ್ಣಗೆ ತೆರೆದೇ ಇಟ್ಟಿರುತ್ತಾರೆ. ಸುರಿಯುವ ನೀರಿನ ಸದ್ದು ಕೇಳಿ ಕರು ತಾನೇ ಹುಡುಕಿಕೊಂಡು ಬರುತ್ತದೆ. ದೂಳೆದ್ದರೆ ಎಳೆಯ ಶ್ವಾಸಕೋಶಕ್ಕೆ ಜ್ವರ ಹತ್ತುತ್ತದೆಂದು ದೊಡ್ಡಿಗೂ ನೀರು ಚಿಮುಕಿಸುತ್ತಾರೆ. ಬೆಳಿಗ್ಗೆ ಮೇವಿನ ಗೋದಲಿಗೆ ಬಾರದೆ, ಕಿವಿ ಜೋತುಬಿದ್ದು ಮೂಲೆಯಲ್ಲಿ ನಿಂತ ಕರು ಯಾವುದು ಎಂದು ಕಣ್ಣಳತೆಯಲ್ಲೇ ಹಿಡಿಯಬಲ್ಲವರಿಗೆ ರಾಂಚಿನಲ್ಲಿ ಬಹಳ ಮರ್ಯಾದೆ.

ತಕ್ಕಡಿ, ಮುದ್ರೆ, ಲಾರಿ

ಸಂಬಳದವರಿಗೆ ತಿಂಗಳಿಗೊಮ್ಮೆ ಬರುವ ಹಣ ಇವರಿಗೆ ಬರುವುದು ವರ್ಷಕ್ಕೊಂದು ಬೆಳಿಗ್ಗೆ. ಅನೇಕರು ಬೇಸಿಗೆಯಲ್ಲೇ ಟಿ.ವಿ., ಇಂಟರ್‌ನೆಟ್ ಹರಾಜಿನಲ್ಲಿ ಕರುಗಳನ್ನು ಮಾರಿಬಿಟ್ಟಿರುತ್ತಾರೆ. ಅಕ್ಟೋಬರಿನ ಇಂಥ ದಿನ, ಇಷ್ಟು ತೂಕ, ಪೌಂಡಿಗೆ ಇಷ್ಟು ಎಂದು ಕರಾರು. ಸರಾಸರಿ ತೂಕ ಕರಾರು ಮೀರಿದರೆ ಪೌಂಡಿನ ದರ ಇಳಿಯುತ್ತದೆ. ಹಾಗಾಗಿ ಹುಲ್ಲು ಚೆನ್ನಾಗಿ ಬಂದ ವರ್ಷವೂ ರಾಂಚಿನವರು ತಕ್ಕಡಿಯ ಮುಂದೆ ಅಳುಕಿಯೇ ನಿಂತಿರುತ್ತಾರೆ.

ತೂಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೆದರಿದ ಕರು ಸಗಣಿ, ಉಚ್ಚೆ ಹಾಕುತ್ತಲೇ ತೂಕ ಕಳೆದುಕೊಳ್ಳುತ್ತದೆ. ನಡೆಸಿದಷ್ಟು, ಕಾಯಿಸಿದಷ್ಟು ನಷ್ಟ. ಒಂದು ಲಾರಿಯ ಹೊರೆ ಸುಮಾರು 50,000 ಪೌಂಡ್, ಅಂದರೆ 90ರಷ್ಟು ಕರು. ಅದರಲ್ಲಿ ನೂರಕ್ಕೆ ಒಂದು ಭಾಗ ಕಳೆದರೂ 500 ಪೌಂಡ್ ಹೋಯಿತು. ಪೌಂಡಿಗೆ ಮೂರೂವರೆ ಡಾಲರಿನಂತೆ ಹಿಡಿದರೆ 1,750 ಡಾಲರ್. ಕೊಳ್ಳುವವರು ಕರಾರಿನಲ್ಲೇ ನೂರಕ್ಕೆ ಎರಡೋ ಮೂರೋ ಭಾಗ ಮುರಿದುಕೊಂಡಿರುತ್ತಾರೆ, ಅದರ ಮೇಲೆ ಇದು ಬೇರೆ. ಬೆಳಗಿನ ಜಾವ ಪಿಸುಮಾತಿನಲ್ಲಿ ದನ ಹೊಡೆಯುವುದರ ಹಿಂದೆ ಕರುಣೆಯ ಜೊತೆ ಈ ಗಣಿತವೂ ಇದೆ.

ಲಾರಿ ಹತ್ತುವ ಮುಂಚೆ ಬ್ರ್ಯಾಂಡ್ ಇನ್‌ಸ್ಪೆಕ್ಟರ್ ಬರಬೇಕು. ವಯೋಮಿಂಗ್‌ನಲ್ಲಿ ದನ ಕೈ ಬದಲಾಗಬೇಕಾದರೆ, ಜಿಲ್ಲೆ ಅಥವಾ ರಾಜ್ಯ ದಾಟಬೇಕಾದರೆ ಮೈಮೇಲಿನ ಬರೆಯ ಮುದ್ರೆ ನೋಡಿ ಸರ್ಕಾರದ ಇನ್‌ಸ್ಪೆಕ್ಟರ್ ಚೀಟಿ ಕೊಡಬೇಕು. ಕುದುರೆಗಳ್ಳರ ಕಾಲದ ಪದ್ಧತಿ ಎಂದು ನಗುವಂತಿಲ್ಲ. ದನಗಳ್ಳತನ ಈಗಲೂ ಇದೆ. ಕುದುರೆಯ ಬದಲು ಟ್ರೇಲರ್ ಬಂದಿದೆ, ಅಷ್ಟೇ. ಚೀಟಿ ಸಿಕ್ಕ ಮೇಲೆ ಎರಡಂತಸ್ತಿನ ಅಲ್ಯೂಮಿನಿಯಂ ಲಾರಿಯೊಳಗೆ ಗೊರಸುಗಳ ಗುಡುಗು. ನಿಲ್ಲಿಸದೆ, ಇಳಿಸಿ ಮೇವು ನೀರು ಕೊಡದೆ 28 ಗಂಟೆಗಿಂತ ಹೆಚ್ಚು ಸಾಗಿಸಬಾರದೆಂದು ಕಾಯ್ದೆ ಇದೆ. ಅದರ ಮೂಲ ರೂಪ ಬಂದದ್ದು 1873ರಲ್ಲಿ, ರೈಲುಗಳ ಕಾಲದಲ್ಲಿ.

ಲಾರಿ ಹೋಗುವುದು ನೆಬ್ರಾಸ್ಕಾ, ಕೊಲರಾಡೊ, ಕಾನ್ಸಾಸ್‌ಗಳ ಕಡೆಗೆ. ಅಲ್ಲಿ ಮೆಕ್ಕೆಜೋಳದ ಮೇವು ತಿಂದು ಬಲಿತು, ಒಂದೂವರೆ ವರ್ಷದ ಆಚೀಚೆ ಕಸಾಯಿಖಾನೆಗೆ. ದನವೆಂದರೆ ಹಾಲು, ಗೊಬ್ಬರ, ಎತ್ತು, ಪೂಜೆ ಎಂದು ಬೆಳೆದ ನಮ್ಮಲ್ಲಿ ಅನೇಕರಿಗೆ ಈ ಕೊನೆ ಕಸಿವಿಸಿ ತರುತ್ತದೆ. ರಾಂಚಿನವರು ಅದನ್ನು ಮುಚ್ಚಿಡುವುದೂ ಇಲ್ಲ, ಅದಕ್ಕೆ ಅಲಂಕಾರ ಮಾಡುವುದೂ ಇಲ್ಲ. ಇದು ಮಾಂಸದ ದನ, ಕೊಟ್ಟಿಗೆಯಿಲ್ಲ, ಕರೆಯುವುದಿಲ್ಲ. 300 ಹಸುಗಳಿರುವ ಮನೆಯಲ್ಲೂ ಕಾಫಿಗೆ ಹಾಲು ಅಂಗಡಿಯಿಂದ ಬರುತ್ತದೆ. ಉತ್ತರದ ಈ ಚಳಿಗೆ ಒಗ್ಗಿದವು ಆಂಗಸ್, ಹೆರ್‌ಫರ್ಡ್‌ನಂಥ ಬ್ರಿಟನ್ ಮೂಲದ ತಳಿಗಳು. ಆದರೆ ಟೆಕ್ಸಾಸ್, ಫ್ಲಾರಿಡಾಗಳ ಸೆಕೆಗೆ ಬೇಕಾಗಿದ್ದು ಗೂನಿನ ದನ. ಅಲ್ಲಿನವರು ಕಟ್ಟಿದ ‘ಅಮೆರಿಕನ್ ಬ್ರಾಹ್ಮನ್’ ತಳಿಯ ಮೂಲದಲ್ಲಿ ಗಿರ್, ಕಾಂಕ್ರೇಜ್, ಓಂಗೋಲ್‌ಗಳ ಜೊತೆ ನಮ್ಮ ಕೃಷ್ಣಾ ತೀರದ ಕೃಷ್ಣಾ ವ್ಯಾಲಿ ದನದ ರಕ್ತವೂ ಇದೆ. ಎರೆಮಣ್ಣಿನಲ್ಲಿ ನೇಗಿಲೆಳೆಯಲು ಬೆಳೆಸಿದ ತಳಿಯದು. ಇಂದು ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಅದನ್ನು ಹುಡುಕಿಯೇ ನೋಡಬೇಕು.

ಬೇಲಿ, ನೀರು, ಲಾಳ

ಲಾರಿ ಹೋದ ಮೇಲೆ ಉಳಿಯುವುದು ಸಣ್ಣಪುಟ್ಟ ಕೆಲಸ ಎನ್ನುತ್ತಾರೆ. ಪಟ್ಟಿ ಮಾತ್ರ ಸಣ್ಣದಲ್ಲ. ಬೆಟ್ಟದ ಮೇಲಿನ ತಂತಿಬೇಲಿಗಳನ್ನು ಕಂಬದಿಂದ ಬಿಚ್ಚಿ ನೆಲಕ್ಕೆ ಮಲಗಿಸಬೇಕು, ಇಲ್ಲದಿದ್ದರೆ ಹಿಮದ ಭಾರಕ್ಕೆ, ಎಲ್ಕ್‌ಗಳ ಓಟಕ್ಕೆ ತುಂಡಾಗುತ್ತವೆ. ಕಾಲುವೆಯ ತೂಬು ಮುಚ್ಚಬೇಕು, ಕೊಳವೆಗಳ ನೀರು ಬಸಿಯಬೇಕು, ತೊಟ್ಟಿಗಳಿಗೆ ಹೀಟರ್ ಇಳಿಸಬೇಕು. ಹೊಳೆಯಲ್ಲೇ ಕುಡಿಸುವವರು ಕೊಡಲಿ ಮಸೆದಿಟ್ಟುಕೊಳ್ಳುತ್ತಾರೆ. ಇನ್ನು ವಸಂತದವರೆಗೆ ದಿನಾ ಬೆಳಿಗ್ಗೆ ಮಂಜುಗಡ್ಡೆ ಒಡೆಯುವ ಕೆಲಸ. ಬೇಸಿಗೆಯಿಡೀ ದುಡಿದ ಕುದುರೆಗಳ ಲಾಳ ಕಿತ್ತು ಬಯಲಿಗೆ ಬಿಡುತ್ತಾರೆ. ಬರಿಗೊರಸಿಗೆ ಹಿಮ ಅಷ್ಟಾಗಿ ಮೆತ್ತಿಕೊಳ್ಳುವುದಿಲ್ಲ. ದುಡಿಯಲೇಬೇಕಾದ ಕುದುರೆಗೆ ಮಾತ್ರ ಜಾರದಂತೆ ಮೊಳೆಯಿರುವ ಲಾಳ.

ಟ್ರ್ಯಾಕ್ಟರಿನ ಡೀಸೆಲ್ ಚಳಿಗೆ ಮೇಣದಂತೆ ಗಟ್ಟಿಯಾಗುತ್ತದೆಂದು ತೆಳು ಇಂಧನ ತುಂಬಿಸಬೇಕು, ರಾತ್ರಿ ಎಂಜಿನ್‌ಗೆ ಬಿಸಿಯ ತಂತಿ ಚುಚ್ಚಿಡಬೇಕು. ಮೈನಸ್ 30 ಡಿಗ್ರಿಯಲ್ಲಿ ಏನು ಮಾಡಿದರೂ ಹಟ ಹಿಡಿಯುವ ಯಂತ್ರದ ಸಹವಾಸವೇ ಬೇಡವೆಂದು ಇಲ್ಲಿನ ಕೆಲವರು ಇಂದಿಗೂ ಭಾರಿ ಗಾತ್ರದ ಜೋಡಿ ಕುದುರೆ ಕಟ್ಟಿದ ಜಾರುಬಂಡಿಯಲ್ಲೇ ಹುಲ್ಲು ಹಾಕುತ್ತಾರೆ. ಕುದುರೆಗಳಿಗೆ ದಾರಿ ಗೊತ್ತು. ಲಗಾಮು ಕಟ್ಟಿಟ್ಟು ಒಬ್ಬರೇ ಹಿಂದೆ ನಿಂತು ಹುಲ್ಲು ಚೆಲ್ಲುತ್ತ ಹೋಗಬಹುದು.

ಇದೇ ವಾರಗಳಲ್ಲಿ ಬೇಟೆಯ ಋತುವೂ ಕೂಡಿ ಬರುತ್ತದೆ. ಕಿತ್ತಳೆ ಅಂಗಿ ತೊಟ್ಟು ಬರುವ ಬೇಟೆಗಾರರು ಅನುಮತಿ ಕೇಳಿ ಬಾಗಿಲು ತಟ್ಟುತ್ತಾರೆ. ಖಾಸಗಿ ನೆಲದಲ್ಲಿ ಜಿಂಕೆ, ಪ್ರಾಂಗ್‌ಹಾರ್ನ್ ಹೊಡೆದರೆ ಪರವಾನಗಿಗೆ ಅಂಟಿಕೊಂಡ ಕೂಪನ್ ಹರಿದು ನೆಲದೊಡೆಯನಿಗೆ ಕೊಡಬೇಕು. ಅದನ್ನು ಕಳಿಸಿದರೆ ರಾಜ್ಯದಿಂದ ಒಂದಿಷ್ಟು ಹಣ. ಆದರೆ ಒಬ್ಬ ಬೇಟೆಗಾರ ತೆರೆದು ಬಿಟ್ಟುಹೋದ ಒಂದು ಗೇಟು, ಎರಡು ದಿನ ಕೂಡಿ ಬೇರ್ಪಡಿಸಿದ ಹಿಂಡುಗಳನ್ನು ಒಂದು ರಾತ್ರಿಯಲ್ಲಿ ಬೆರೆಸಿಬಿಡಬಲ್ಲದು.

ಮನೆಯೊಳಗೂ ಚಳಿಗಾಲದ ದಾಸ್ತಾನು ನಡೆದಿರುತ್ತದೆ. ಅರಣ್ಯ ಇಲಾಖೆಯ ಚೀಟಿ ಪಡೆದು ಒಣಮರ ಕಡಿದು ತಂದ ಸೌದೆ, ಫ್ರೀಜರಿನಲ್ಲಿ ಎಲ್ಕ್ ಮಾಂಸ, ಬೇಲಿ ಸಾಲಿನ ಚೋಕ್‌ಚೆರಿ ಹಣ್ಣಿನ ಜೆಲ್ಲಿ ತುಂಬಿದ ಗಾಜಿನ ಭರಣಿಗಳು. ಮುಯ್ಯಾಳು ಬಂದ ದಿನ ಇಪ್ಪತ್ತು ಜನರ ಮಧ್ಯಾಹ್ನದ ಊಟ ಈ ಅಡುಗೆಮನೆಯದೇ. ಊಟ ಚೆನ್ನಾಗಿರುವ ಮನೆಗೆ ಜನ ಬೇಗ ಬರುತ್ತಾರೆ ಎಂಬುದು ಗಂಭೀರವಾದ ತಮಾಷೆ. ಆ ಅಡುಗೆ ಮಾಡಿದವರೇ ದೊಡ್ಡಿಯಲ್ಲಿ ಲಸಿಕೆ ಚುಚ್ಚಿರುತ್ತಾರೆ, ಸೋಮವಾರ ಬೆಳಿಗ್ಗೆ ಪೇಟೆಯ ಶಾಲೆಗೋ ಆಸ್ಪತ್ರೆಗೋ ಕೆಲಸಕ್ಕೂ ಹೋಗುತ್ತಾರೆ. ಅನೇಕ ರಾಂಚ್ ಕುಟುಂಬಗಳಿಗೆ ಆರೋಗ್ಯ ವಿಮೆ ಬರುವುದು ಗಂಡ ಹೆಂಡಿರಲ್ಲಿ ಒಬ್ಬರ ಹೊರಗಿನ ನೌಕರಿಯಿಂದ.

ಎಷ್ಟು ಕಡಸು ಉಳಿಸುವುದು?

ಶರತ್ಕಾಲದ ಕೊನೆಯ, ಎಲ್ಲಕ್ಕಿಂತ ಕಷ್ಟದ ಕೆಲಸಕ್ಕೆ ಹಗ್ಗವೂ ಬೇಡ, ಕುದುರೆಯೂ ಬೇಡ. ದೊಡ್ಡಿಯ ಬೇಲಿಗೆ ಒರಗಿ ನಿಂತು ಈ ವರ್ಷದ ಹೆಣ್ಣುಕರುಗಳಲ್ಲಿ ಯಾವುವನ್ನು ಮಾರದೆ ಇಟ್ಟುಕೊಳ್ಳುವುದು ಎಂದು ಆರಿಸಬೇಕು. ಕಾಲು ನೆಟ್ಟಗಿದೆಯೇ, ತಾಯಿ ಸಾಧುವೇ, ಪ್ರತಿ ವರ್ಷ ಹೊತ್ತಿಗೆ ಸರಿಯಾಗಿ ಈಯ್ದವಳೇ, ಬೆಟ್ಟದಲ್ಲಿ ಕರುವನ್ನು ಕಾಯ್ದು ತಂದವಳೇ? ಹೊರಗಿನಿಂದ ಕೊಂಡ ಕಡಸಿಗೆ ಈ ಬೆಟ್ಟದ ದಾರಿ, ನೀರು, ವಿಷದ ಗಿಡ ಏನೂ ತಿಳಿಯದು. ಇಲ್ಲೇ ಹುಟ್ಟಿದ್ದು ಒಂದು ಬೇಸಿಗೆ ತಾಯಿಯ ಮಗ್ಗುಲಲ್ಲಿ ನಡೆದು ಅದನ್ನೆಲ್ಲ ಕಲಿತಿರುತ್ತದೆ.

ಈ ಆಯ್ಕೆಗೆ ಇಂದು ಹಿಂದೆಂದಿಗಿಂತ ಹೆಚ್ಚು ಬೆಲೆ ತೆರಬೇಕು. ಬರ, ಖರ್ಚು ಎರಡೂ ಸೇರಿ ಅಮೆರಿಕದ ದನಗಳ ಸಂಖ್ಯೆ 2025ರ ಜನವರಿ 1ಕ್ಕೆ 8.67 ಕೋಟಿಗೆ ಇಳಿದಿತ್ತು, ಆ ಹೊತ್ತಿಗೆ 1951ರ ನಂತರದ ಅತಿ ಕಡಿಮೆ. ದನ ಕಡಿಮೆಯಾದ್ದರಿಂದ ಕರುವಿನ ಬೆಲೆ ಅದೇ ವರ್ಷ ದಾಖಲೆ ಮುಟ್ಟಿತು. ಹಿಂಡು ಬೆಳೆಸಲು ಕಡಸು ಉಳಿಸಬೇಕು. ಉಳಿಸಿದಷ್ಟೂ ಕೈಗೆ ಬರುವ ಹಣ ಕಡಿಮೆ. ಈ ಅಕ್ಟೋಬರಿನಲ್ಲಿ ಉಳಿಸಿಕೊಂಡ ಕಡಸಿಗೆ ಬರುವ ಬೇಸಿಗೆಯಲ್ಲಿ ಹೋರಿ, ಅದರಾಚೆಯ ವಸಂತಕ್ಕೆ ಕರು, ಆ ಕರು ಮಾರುವುದು ಅದೇ ವರ್ಷದ ಶರತ್ಕಾಲಕ್ಕೆ. ಅಂದರೆ ಪೂರ್ತಿ ಎರಡು ವರ್ಷ ಹುಲ್ಲು ಹಾಕಿ ಕಾಯಬೇಕು. ಅಷ್ಟರಲ್ಲಿ ಬೆಲೆ ಬಿದ್ದಿರಬಹುದು, ಮಳೆ ಕೈಕೊಟ್ಟಿರಬಹುದು.

ಕಾಯುವವರ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. 2022ರ ಕೃಷಿ ಗಣತಿಯ ಪ್ರಕಾರ ಅಮೆರಿಕದ ಕೃಷಿಕರ ಸರಾಸರಿ ವಯಸ್ಸು 58.1. ಮಕ್ಕಳು ಡೆನ್ವರಿನಲ್ಲೋ ಸಾಲ್ಟ್ ಲೇಕ್ ಸಿಟಿಯಲ್ಲೋ ಕೆಲಸದಲ್ಲಿದ್ದಾರೆ. ನದಿ ಹರಿಯುವ ರಾಂಚಿಗೆ ದನದಿಂದ ಎಂದೂ ತೀರಿಸಲಾಗದಷ್ಟು ಬೆಲೆ ಕೊಡುವ ಶ್ರೀಮಂತರಿದ್ದಾರೆ. ಎಲ್ಲ ಕಡಸುಗಳನ್ನೂ ಲಾರಿಗೆ ಹತ್ತಿಸಿದರೆ ಈ ವರ್ಷ ಬ್ಯಾಂಕಿನ ಸಾಲ ತೀರೀತು, ಮೂರನೆಯ ವರ್ಷದಿಂದ ಹಿಂಡು ಸವೆಯುತ್ತ ಹೋದೀತು. ಆದ್ದರಿಂದ 70 ದಾಟಿದ ರಾಂಚಿಗನೊಬ್ಬ ಅಕ್ಟೋಬರಿನಲ್ಲಿ 40 ಕಡಸು ಉಳಿಸಿಕೊಂಡನೆಂದರೆ ನೆರೆಯವರು ಅದನ್ನು ಗಮನಿಸುತ್ತಾರೆ. ಮಗನೋ ಮಗಳೋ ಮನೆಗೆ ಮರಳುವ ಮಾತು ಗಟ್ಟಿಯಾಗಿದೆ ಎಂದು, ಯಾರೂ ಬಾಯಿಬಿಟ್ಟು ಹೇಳುವ ಮೊದಲೇ, ಅವರಿಗೆ ತಿಳಿದಿರುತ್ತದೆ.